ಎರಡು ಹವೆಯ ಸೂಟ್‌ಕೇಸು

ಸೂಟ್‌ಕೇಸು ಹಗುರವಾಗಿತ್ತು. ಮಂಚದ ಕೆಳಗೆ ಸೇರಿಕೊಂಡಿರಬೇಕೆಂದು ಹುಡುಕುತ್ತಿದ್ದ ಎಡಗಾಲಿನ ಚಪ್ಪಲಿಗಾಗಿ ಅವನು ಅದನ್ನು ಎತ್ತಿ ಪಕ್ಕಕ್ಕೆ ಇಡಬೇಕಾಗಿತ್ತು, ಅಷ್ಟೇ. ಎತ್ತಿದ. ಎತ್ತಿದ ಕೈ ಹಾಗೇ ನಿಂತುಬಿಟ್ಟಿತು. ಬೇರೆ ಯಾರಾದರೂ ಆಗಿದ್ದರೆ ಸದ್ಯ, ಹೊರುವ ಕಷ್ಟ ತಪ್ಪಿತು ಎಂದುಕೊಂಡು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು. ಆದರೆ ಅವನು ರೈಲ್ವೆ ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಕಂಡವರ ಸಾಮಾನು ಎತ್ತಿ ಇಟ್ಟು, ಇಳಿಸಿ ಕೊಟ್ಟು ತಲೆ ನರೆಸಿಕೊಂಡವನು. ಅಲ್ಲಿ ಎಲ್ಲರೂ ಅವನನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು. ಹಿಡಿ ಹಿಡಿದು ಒಮ್ಮೆ ಎತ್ತಿದರೆ ಸಾಕು, ಎಷ್ಟು ತೂಕ, ಒಳಗಿರುವುದು ಪುಸ್ತಕವೋ ಪಾತ್ರೆಯೋ ಎಂಬುದಷ್ಟೇ ಅಲ್ಲ, ಮಾಲೀಕ ಸಂಜೆಗೆ ಬರುತ್ತಾನೋ ಇನ್ನು ಇತ್ತ ತಲೆ ಹಾಕುವುದೇ ಇಲ್ಲವೋ ಎಂಬುದನ್ನೂ ಹೇಳಿಬಿಡುತ್ತಾನೆಂದು ಪ್ರತೀತಿ. ಆ ಪ್ರತೀತಿಯಲ್ಲಿ ಅರ್ಧದಷ್ಟು ಅವನೇ ಹಬ್ಬಿಸಿದ್ದು. ಟೋಕನ್ ಕೈಗೆ ಬಂದ ಕೂಡಲೇ ಅದರ ಮೇಲಿನ ನಂಬರು ನೋಡುವವರು ಮರಳಿ ಬರುತ್ತಾರೆ, ನೋಡದೆ ಜೇಬಿಗಿಳಿಸುವವರ ಸಾಮಾನು ಕೊನೆಗೆ ಹರಾಜಿಗೇ ಹೋಗುವುದು ಎಂದು ಹೊಸದಾಗಿ ಸೇರಿದವರಿಗೆಲ್ಲ ಗಂಭೀರವಾಗಿ ಪಾಠ ಹೇಳುತ್ತಿದ್ದ. ಅವನ ಮಾತು ಎಷ್ಟು ಸಲ ಸುಳ್ಳಾಗಿತ್ತೆಂದು ಯಾರೂ ಲೆಕ್ಕವಿಟ್ಟಿರಲಿಲ್ಲ, ಅವನಂತೂ ಇಟ್ಟಿರಲಿಲ್ಲ.

ಹಗುರವಾಗಿರಬಾರದಿತ್ತು. ಎರಡು ಹವೆಯ ಪೆಟ್ಟಿಗೆ ಯಾವತ್ತೂ ಭಾರವೇ. ಆ ಸಂಜೆ ಇಬ್ಬರೂ ಹೊರಡಬೇಕಿದ್ದದ್ದು ಮೊದಲು ಹೆಂಡತಿಯ ಅಕ್ಕನ ಊರಿಗೆ, ಅದು ಹಗಲಲ್ಲಿ ಮೈಮೇಲೆ ಬಟ್ಟೆಯೇ ಬೇಡ ಎನಿಸುವ ಸೆಕೆಯ ಶಹರ. ಅಲ್ಲಿಂದ ಮೇಲಕ್ಕೆ ಬೆಟ್ಟ, ಅಲ್ಲಿ ಈಗ ಬಿಟ್ಟೂ ಬಿಡದ ಮಳೆ. ಇಲಾಖೆಯ ವಿಶ್ರಾಂತಿಗೃಹ ಅಲ್ಲಿತ್ತು. ಹೂವು ಬಿಡುವ ತಿಂಗಳುಗಳೆಲ್ಲ ಸಾಹೇಬರುಗಳಿಗೆ, ಅವರ ಭಾವಮೈದುನರಿಗೆ. ಕೌಂಟರಿನವರ ಪಾಳಿ ಬರುತ್ತಿದ್ದದ್ದು ಗೋಡೆಗೆ ಬೂಷ್ಟು ಹಿಡಿಯುವ ದಿನಗಳಲ್ಲಿ. ವರ್ಷವರ್ಷವೂ ಅರ್ಜಿ ಹಾಕಿ ಹಾಕಿ ಕೊನೆಗೆ ಸಿಕ್ಕಿದಾಗ ಹೆಡ್ ಕ್ಲರ್ಕು, 'ಹೋಗಿ ಬನ್ನಿ ತಕ್ಕಡಿಯವರೇ, ಈಗ ಅಲ್ಲಿ ಜಿಗಣೆ ಬಿಟ್ರೆ ಇನ್ಯಾರೂ ಇರಲ್ಲ, ಆರಾಮಾಗಿರಿ' ಎಂದಿದ್ದ. ಕೋಣೆಯಲ್ಲಿದ್ದವರೆಲ್ಲ ನಕ್ಕಿದ್ದರು. ಅವನೂ ನಕ್ಕಿದ್ದ, ಎಲ್ಲರಿಗಿಂತ ಸ್ವಲ್ಪ ಜಾಸ್ತಿಯೇ. ಮನೆಗೆ ಬಂದು ಜಿಗಣೆಯ ಮಾತು ಬಿಟ್ಟು ಉಳಿದದ್ದನ್ನು ಹೇಳಿದಾಗ ಹೆಂಡತಿ, 'ಅಕ್ಕನ ಊರು ದಾರಿಯಲ್ಲೇ ಅಲ್ವಾ? ಅವಳ ಹೊಸ ಹೊಲಿಗೆ ಶೆಡ್ಡು ಶುರುವಾಗ್ತಿದೆಯಂತೆ. ನಾಲ್ಕು ದಿನ ಅಲ್ಲಿದ್ದು ಹೋಗೋಣ' ಎಂದಿದ್ದಳು. ಹೋಗೋಣ ಎಂದೇ ಅಂದಿದ್ದಳು, ಅದು ಅವನಿಗೆ ಚೆನ್ನಾಗಿ ನೆನಪಿತ್ತು.

ಅವನು ಸೂಟ್‌ಕೇಸನ್ನು ಇನ್ನೊಮ್ಮೆ, ಈ ಸಲ ಕೆಲಸದ ಮೇಲೆ ಎತ್ತುವ ಹಾಗೆ, ಮೊಣಕೈ ಮಡಿಸದೆ ನಿಧಾನವಾಗಿ ಎತ್ತಿದ. ಹಗುರ ಎನ್ನುವುದು ಒಂದಾಯಿತು. ಇನ್ನೊಂದು, ಅದು ಬಲ ಮೂಲೆಗೆ ವಾಲುತ್ತಿತ್ತು. ಉಣ್ಣೆಯ ಭಾರ ಹರಡಿಕೊಂಡಿರುತ್ತದೆ, ಯಾವ ಮೂಲೆಯನ್ನೂ ಎಳೆಯುವುದಿಲ್ಲ. ಇದು ಕಬ್ಬಿಣ. ಅಂಗೈಯಷ್ಟು ಜಾಗದಲ್ಲಿ ಕೂತು ಇಡೀ ಪೆಟ್ಟಿಗೆಯನ್ನು ತನ್ನ ಕಡೆಗೆ ಜಗ್ಗುತ್ತಿದ್ದ ಕಬ್ಬಿಣ. ಅದೇನೆಂದು ತೆರೆಯುವ ಮೊದಲೇ ಅವನಿಗೆ ಗೊತ್ತಾಯಿತು. ಬಚ್ಚಲುಮನೆಯಲ್ಲಿ ನೀರು ಸುರಿಯುತ್ತಿತ್ತು. ಅವಳು ತಲೆಗೆ ನೀರು ಹಾಕಿಕೊಳ್ಳುವ ದಿನ, ಬೇಗ ಬರುವವಳಲ್ಲ. ಆದರೂ ಅವನು ಕೋಣೆಯ ಬಾಗಿಲನ್ನು ಮುಂದಕ್ಕೆ ಮಾಡಿದ, ತನ್ನ ಮನೆಯಲ್ಲೇ ಕಳ್ಳನಾದ ಹಾಗೆ.

ಕತ್ತರಿ. ಹೂವಿನ ಚೀಟಿಬಟ್ಟೆಯ ತುಂಡಿನಲ್ಲಿ ಸುತ್ತಿ, ಮೇಲೆ ದಾರ ಕಟ್ಟಿ ಮೂಲೆಯಲ್ಲಿ ಇಟ್ಟಿದ್ದಳು. ಅವಳು ಸಿದ್ಧ ಉಡುಪಿನ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವವಳು. ಹೊಲಿಯುವವರು ಹತ್ತು ಜನ ಸಿಗುತ್ತಾರೆ, ಕತ್ತರಿಸುವ ಕೈ ಒಂದು ಸಿಗುವುದು ಕಷ್ಟ ಎಂದು ಅಂಗಡಿಯ ಯಜಮಾನನೇ ಹೇಳುತ್ತಿದ್ದ, ಸಂಬಳ ಹೆಚ್ಚಿಸು ಎಂದು ಕೇಳದಿದ್ದಾಗ. ಆ ಕತ್ತರಿ ಅಂಗಡಿಯದಲ್ಲ, ಅವಳದೇ. ಹೆಬ್ಬೆರಳು ಕೂರುವ ಕಡೆ ಬಟ್ಟೆಯ ಪಟ್ಟಿ ಸುತ್ತಿದ್ದಳು, ಆ ಪಟ್ಟಿ ಬೆವರಿಗೆ ಕಪ್ಪಾಗಿ ಚರ್ಮದಂತಾಗಿತ್ತು. ಮನೆಯಲ್ಲಿ ಅದರಿಂದ ಕಾಗದ ಕತ್ತರಿಸುವ ಹಾಗಿಲ್ಲ. ಮದುವೆಯಾದ ಹೊಸತರಲ್ಲಿ ಅವನು ಒಂದು ತಂತಿಯನ್ನು ಅದರ ಬಾಯಿಗೆ ಕೊಟ್ಟು ತುಂಡರಿಸಿದ್ದ. ಬೈದಿರಲಿಲ್ಲ ಅವಳು, ಸಂಜೆಯವರೆಗೂ ಕಲ್ಲಿನ ಮೇಲೆ ಮಸೆಯುತ್ತ ಕೂತಿದ್ದಳು. ಅಂಥ ಕತ್ತರಿಯನ್ನು ಮಳೆ ನೋಡಲು ಹೋಗುವವರು ಯಾರು ಒಯ್ಯುತ್ತಾರೆ? ಅವನು ಅವಳ ಬಟ್ಟೆಗಳನ್ನು ಬೆರಳ ತುದಿಯಿಂದ ಎಣಿಸುವಂತೆ ಸರಿಸಿ ನೋಡಿದ. ಹತ್ತಿ, ಹತ್ತಿ, ತೆಳು ಹತ್ತಿ. ಸ್ವೆಟರ್ ಇಲ್ಲ. ರೇನ್‌ಕೋಟ್ ಇಲ್ಲ. ಕಾಲುಚೀಲ ಇಲ್ಲ. ಅವೆಲ್ಲ ಕಪಾಟಿನ ಕೆಳಗಿನ ಅರೆಯಲ್ಲಿ ಮಡಿಸಿಟ್ಟಲ್ಲೇ ಇದ್ದವು. ಇತ್ತ ಅವನ ಪಾಲಿನ ಅರ್ಧ ಮಾತ್ರ ಬೆಟ್ಟಕ್ಕೆ ಪೂರಾ ಸಜ್ಜಾಗಿತ್ತು. ಎರಡು ಸ್ವೆಟರ್, ಮಫ್ಲರ್, ಒದ್ದೆ ಬಟ್ಟೆ ಹಾಕಲು ಬೇರೆ ಪ್ಲಾಸ್ಟಿಕ್ ಚೀಲ, ಚೀಲದ ಬಾಯಿ ಕಟ್ಟಲು ರಬ್ಬರ್ ಬ್ಯಾಂಡು, ನೆಗಡಿಗೆ ಒಂದು ಮಾತ್ರೆ, ಜ್ವರಕ್ಕೆ ಒಂದು. ಕಾಲುಚೀಲಗಳನ್ನು ಜೋಡಿ ಜೋಡಿಯಾಗಿ ಉಂಡೆ ಮಾಡಿದ್ದಳು, ಅವನೊಬ್ಬನೇ ಇದ್ದಾಗ ಒಂದು ಕಪ್ಪು ಒಂದು ಕಂದು ಹಾಕಿಕೊಳ್ಳುವವನೆಂದು ತಿಳಿದು. ಅವನೊಬ್ಬನೇ. ಸಿಟ್ಟಿನಿಂದ ತುರುಕಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಇಷ್ಟು ಅಕ್ಕರೆಯಿಂದ ಕಟ್ಟಿದ್ದಾಳೆಂದರೆ ಅವಳು ಅಕ್ಕನ ಊರಲ್ಲಿ ಉಳಿದುಬಿಡುತ್ತಾಳೆ, ನಾಲ್ಕು ದಿನಕ್ಕಲ್ಲ.

ಕೇಳಬಹುದಿತ್ತು. ಬಚ್ಚಲಿನ ಬಾಗಿಲು ಆರು ಹೆಜ್ಜೆಯೂ ಇರಲಿಲ್ಲ. ಏನೇ, ನಿನ್ನ ಸ್ವೆಟರ್ ಇಟ್ಟಿಲ್ವಲ್ಲ? ಅಷ್ಟು ಸುಲಭದ ಮಾತು. ಅದರ ಹಿಂದೆಯೇ ಉತ್ತರ ಬರುತ್ತಿತ್ತು, ಉತ್ತರದ ಹಿಂದೆ ಆ ಫೋನಿನ ವಿಷಯವೂ ಬರುತ್ತಿತ್ತು, ಅದಕ್ಕೇ ಅವನು ಕೇಳಲಿಲ್ಲ. ಕಪಾಟು ತೆರೆದು ಅವಳ ಸ್ವೆಟರನ್ನೂ ರೇನ್‌ಕೋಟನ್ನೂ ತೆಗೆದು ತನ್ನ ಬಟ್ಟೆಗಳ ಅಡಿಗೆ, ತಳಕ್ಕಂಟುವಂತೆ ಒತ್ತಿ ಒತ್ತಿ ಹರಡಿದ. ಎದ್ದು ನಿಂತ. ಮತ್ತೆ ಕೂತ. ಕತ್ತರಿಯನ್ನು ತೆಗೆದು ತನ್ನ ತಿಂಡಿಯ ಚೀಲಕ್ಕೆ ಹಾಕಿಕೊಂಡ. ಹಾಕಿಕೊಳ್ಳುವಾಗ ಅದು ತಪ್ಪೆಂದು ಅವನಿಗೆ ಗೊತ್ತಿತ್ತು. ಕತ್ತರಿ ಇಲ್ಲದಿದ್ದರೆ ಅಲ್ಲಿ ಅವಳಿಗೆ ಕೆಲಸವಿಲ್ಲ, ಸ್ವೆಟರ್ ಇದ್ದರೆ ಬರದಿರಲು ನೆಪವಿಲ್ಲ ಎನ್ನುವ ಲೆಕ್ಕ ಮಾತ್ರ ಆ ಹೊತ್ತಿಗೆ ತುಂಬಾ ಸರಿಯಾಗಿ ಕಂಡಿತು. ನೀರಿನ ಸದ್ದು ನಿಂತಿತು. 'ಹೊರಟ್ರಾ?' ಎಂದು ಒಳಗಿನಿಂದಲೇ ಕೂಗಿದಳು. 'ಹೊರಟೆ, ಮಧ್ಯಾಹ್ನ ಬಂದ್ಬಿಡ್ತೀನಿ' ಎಂದ ಅವನ ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು. ಎಡಗಾಲಿನ ಚಪ್ಪಲಿ ಕೊನೆಗೂ ಸಿಕ್ಕಿರಲಿಲ್ಲ, ಶೂ ಹಾಕಿಕೊಂಡು ಹೋದ.

ಆ ಫೋನು ಬಂದದ್ದೂ ಎಷ್ಟೋ ವರ್ಷದ ಹಿಂದೆ ಹೀಗೇ ಒಂದು ಬೆಳಗ್ಗೆ, ಅವಳು ಮಹಡಿಯ ಮೇಲೆ ಬಟ್ಟೆ ಒಣಹಾಕಲು ಹೋಗಿದ್ದಾಗ. ಅಕ್ಕನ ದನಿಯಲ್ಲಿ ಓಡಿ ಬಂದವರ ಏದುಸಿರಿತ್ತು. ರಾತ್ರಿಯುಡುಪು ಹೊಲಿಸುವ ದೊಡ್ಡ ಆರ್ಡರು ಬಂದಿದೆ, ಕತ್ತರಿಸುವ ಕೈ ತಂಗಿಯದೇ ಬೇಕು, ಪಾಲುದಾರಳನ್ನಾಗಿ ಮಾಡಿಕೊಳ್ಳುತ್ತೇನೆ, ನೀವಿಬ್ಬರೂ ಇಲ್ಲಿಗೇ ಬಂದುಬಿಡಿ, ಅಲ್ಲೂ ರೈಲ್ವೆ ಸ್ಟೇಷನ್ ಇದೆಯಲ್ಲ, ವರ್ಗ ಕೇಳಿದರೆ ಕೊಡುವುದಿಲ್ಲವೇ? ಅವಳಿಗೆ ಕೊಡಿ ಫೋನು, ನಾನೇ ಹೇಳುತ್ತೇನೆ. ಅವನು ಮಹಡಿಯ ಮೆಟ್ಟಿಲ ಕಡೆ ನೋಡಿದ್ದ. ಒದ್ದೆ ಬಟ್ಟೆ ಜಾಡಿಸುವ ಪಟಪಟ ಸದ್ದು ಕೇಳುತ್ತಿತ್ತು. ವರ್ಗ ಕೇಳುವುದೆಂದರೆ ಸಾಹೇಬರ ಮುಂದೆ ಕೈಕಟ್ಟಿ ನಿಲ್ಲಬೇಕು. ಅಲ್ಲಿ ಹೋದ ಮೇಲೆ ತಾನು ತಕ್ಕಡಿಯಲ್ಲ, ಹೊಸಬ. ಹೆಂಡತಿಯ ಅಕ್ಕನ ಊರಲ್ಲಿ ಹೆಂಡತಿಯ ಗಂಡ. ಇಷ್ಟೆಲ್ಲ ಅವನು ಆಗ ಯೋಚಿಸಿರಲಿಲ್ಲ, ಆಮೇಲೆ ಕೂತು ಯೋಚಿಸಿ ಜೋಡಿಸಿಕೊಂಡದ್ದು. ಆಗ ಬಾಯಿಗೆ ಬಂದದ್ದು, 'ಅವಳಿಗೆ ಬಿಸಿಲು ಆಗಲ್ಲ ಅಕ್ಕ. ಕೇಳಿದ್ದೆ ನಾನು, ಬರಲ್ಲ ಅಂದ್ಲು' ಎಂದು. ಕೇಳಿದ್ದೆ ನಾನು ಎನ್ನುವುದು ಏನೂ ಅಗತ್ಯವಿರದ ಸುಳ್ಳು. ಅವಳು ಬಕೆಟ್ಟು ಹಿಡಿದು ಕೆಳಗಿಳಿದು ಬಂದು ಯಾರದು ಎಂದಾಗ, ರಾಂಗ್ ನಂಬರ್ ಎಂದಿದ್ದ.

ಅದೂ ಹಾಗೇ ಮುಚ್ಚಿಹೋಗುತ್ತಿತ್ತೇನೋ. ಆದರೆ ಅತ್ತೆ ಆಸ್ಪತ್ರೆಯಲ್ಲಿದ್ದಾಗ, ಫಿನಾಯಿಲ್ ವಾಸನೆಯ ಆ ಉದ್ದನೆಯ ಕಾರಿಡಾರಿನಲ್ಲಿ ಮೂವರೂ ಸಾಲಾಗಿ ಕೂತಿದ್ದಾಗ ಅಕ್ಕ ಇದ್ದಕ್ಕಿದ್ದಂತೆ, 'ನಿಂಗೆ ಬಿಸಿಲು ಆಗಲ್ವಾ? ಚಿಕ್ಕವಳಿದ್ದಾಗ ಇಡೀ ದಿನ ಬಿಸಿಲಲ್ಲೇ ಇರ್ತಿದ್ಯಲ್ಲೇ' ಎಂದು ಕೇಳಿದ್ದಳು. ಹೆಂಡತಿ ಅವನತ್ತ ತಿರುಗಿ ನೋಡಿದ್ದಳು. ಅಷ್ಟು ಹೊತ್ತು ಅವಳು ಅವನನ್ನು ಯಾವತ್ತೂ ನೋಡಿರಲಿಲ್ಲ, ಮದುವೆಗೆ ಮುಂಚೆ ನೋಡಲು ಬಂದಾಗಲೂ. ಆಮೇಲೆ ಅಕ್ಕನ ಕಡೆ ತಿರುಗಿ, 'ಹೌದು ಅಕ್ಕ, ಈಗೀಗ ಆಗಲ್ಲ' ಎಂದಿದ್ದಳು. ಅಷ್ಟೇ. ಮನೆಗೆ ಬಂದ ಮೇಲೆ ಕೂಗಾಡುತ್ತಾಳೆ ಎಂದು ಕಾದ. ಆ ವಾರ ಕಾದ, ಆ ವರ್ಷ ಕಾದ. ಅವಳು ಸಾರಿಗೆ ಉಪ್ಪು ಸಾಕಾ ಎಂದು ಕೇಳಿದಳು, ಕರೆಂಟ್ ಬಿಲ್ ಕಟ್ಟಿದಿರಾ ಎಂದು ಕೇಳಿದಳು, ಅದೊಂದನ್ನು ಕೇಳಲಿಲ್ಲ. ಅವಳು ತನ್ನನ್ನು ಉಳಿಸಿದಳು ಎಂಬ ಉಪಕಾರ ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಅಡ್ಡ ಕೂತಿತ್ತು. ಬೆಟ್ಟದ ಮೇಲೆ, ಹೊರಗೆ ಕಾಲಿಡಲಾಗದ ಮಳೆಯಲ್ಲಿ, ಜಗಲಿಯ ಕುರ್ಚಿಯಲ್ಲಿ ಇಬ್ಬರೇ ಕೂತಿದ್ದಾಗ ಹೇಳಬೇಕು ಎಂದು ಅವನು ಒಂದು ಮಾತನ್ನು ಎಷ್ಟೋ ದಿನದಿಂದ ತಿದ್ದಿ ತೀಡಿ ಇಟ್ಟುಕೊಂಡಿದ್ದ. ಅವಳು ಬೆಟ್ಟ ಹತ್ತದೇ ಹೋದರೆ ಆ ಮಾತನ್ನು ಜಿಗಣೆಗೆ ಹೇಳಬೇಕು.

ಕ್ಲೋಕ್ ರೂಮಿನಲ್ಲಿ ಆ ದಿನ ಜನ ಕಡಿಮೆಯಿದ್ದರು. ಅದೇ ಕಷ್ಟವಾಯಿತು. ಜೊತೆಯವನು ಸ್ಟೂಲಿನ ಮೇಲೆ ಕೂತು ಗೋಡೆಗೊರಗಿ ಕಣ್ಣು ಮುಚ್ಚಿದ್ದ. ಎಲ್ಲಿ ಕೂತರೂ ನಿದ್ದೆ ಹೋಗುವ ಅವನಿಗೆ ನಿದ್ರೆರಾಯ ಎಂದು ಹೆಸರು. ಸ್ವಭಾವದಲ್ಲಿ ಅಪರಂಜಿ, ಯಾರದೇನಾದರೂ ಮರೆತು ಉಳಿದರೆ ಪ್ಲಾಟ್‌ಫಾರಂ ಕೊನೆಯವರೆಗೂ ಓಡಿ ಕೊಟ್ಟು ಬರುವವನು. ಚೀಲದಲ್ಲಿ ಕತ್ತರಿ ತಿಂಡಿಯ ಡಬ್ಬಿಗೆ ತಗುಲಿ ಟಣ್ ಎಂದಾಗಲೆಲ್ಲ ತಕ್ಕಡಿ ಬೆಚ್ಚಿದ. ಎಲ್ಲಿಡುವುದು? ಮನೆಯಲ್ಲಿ ಎಲ್ಲಿಟ್ಟರೂ ಅವಳ ಕಣ್ಣು ತಪ್ಪುವುದಿಲ್ಲ. ಕೊನೆಗೆ ಅವನಿಗೆ ಹೊಳೆದದ್ದು ಜೀವನಪೂರ್ತಿ ಹೊಳೆದ ಒಂದೇ ಉಪಾಯ: ವಸ್ತುವಿಗೆ ಚೀಟಿ ಕಟ್ಟಿ ಅಟ್ಟಣಿಗೆಯಲ್ಲಿಡುವುದು. ನಿಯಮದ ಪ್ರಕಾರ ಬೀಗ ಹಾಕಿರಬೇಕು, ಬೀಗವಿಲ್ಲದ ಗಂಟಾದರೆ ಬಾಯಿ ಹೊಲಿದಿರಬೇಕು, ಇಲ್ಲದಿದ್ದರೆ ಒಳಗೆ ತೆಗೆದುಕೊಳ್ಳುವ ಹಾಗಿಲ್ಲ. ಬಾಯಿ ಹೊಲಿಯದ ಗಂಟು ತಂದವರನ್ನು ಅವನು ಎಷ್ಟು ಜನರನ್ನು ವಾಪಸ್ಸು ಕಳಿಸಿಲ್ಲ. ಹಸುಗೂಸನ್ನು ಸೊಂಟದ ಮೇಲಿಟ್ಟುಕೊಂಡ ಹೆಂಗಸೊಬ್ಬಳನ್ನು, ಹೋಗಿ ಸೂಜಿ ದಾರ ತಗೊಂಬನ್ನಿ ಎಂದು ಮಳೆಯಲ್ಲಿ ಓಡಿಸಿದ್ದ. ಈಗ ಆ ಹೂವಿನ ಚೀಟಿಬಟ್ಟೆಯ ಗಂಟಿಗೆ ಚೀಟಿ ಕಟ್ಟಿ, ಹೆಸರಿನ ಜಾಗದಲ್ಲಿ ಬೇರೇನು ಬರೆಯುವುದೆಂದು ತಿಳಿಯದೆ 'ತಕ್ಕಡಿ' ಎಂದೇ ಬರೆದು, ಏಣಿ ಹತ್ತಿ ಕೈಗೆಟುಕದ ಮೇಲಿನ ಅಟ್ಟಣಿಗೆಗೆ ಸರಿಸಿದ. ಕೆಳಗಿಳಿದು ಕೈ ಒರೆಸಿಕೊಂಡ. ನಿದ್ರೆರಾಯ ಒಂದು ಕಣ್ಣು ತೆರೆದು, 'ಏನು ಸಾರ್, ತೂಕ ಎಷ್ಟಿತ್ತು?' ಎಂದ, ಎಂದಿನ ಆಟದಂತೆ. 'ಏನಿಲ್ಲ, ಮಲಗು' ಎಂದ ತಕ್ಕಡಿ. ಅವನ ಅಂಗೈಯಲ್ಲಿ ಕಬ್ಬಿಣದ ವಾಸನೆ ಉಳಿದಿತ್ತು, ಸೋಪು ಹಾಕಿ ತೊಳೆದರೂ ಹೋಗಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಅವಳು ನಡುಮನೆಯಲ್ಲಿ ಕೂತು ಕಿಟಕಿಗಳ ಅಗುಳಿ ಹಾಕಿದೆಯೇ ಎಂದು ಕೂತಲ್ಲಿಂದಲೇ ಒಂದೊಂದಾಗಿ ನೋಡುತ್ತಿದ್ದಳು. ಎಷ್ಟು ದಿನಕ್ಕೆ ಹೋಗುವವರು ಹೀಗೆ ಕಿಟಕಿ ನೋಡುತ್ತಾರೆ ಎಂದು ಅವನ ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕಿತು. ಊಟ ಬಡಿಸಿದಳು. ಅವನ ಎಡಗಾಲಿನ ಚಪ್ಪಲಿ ಕಪಾಟಿನ ಸಂದಿಯಲ್ಲಿತ್ತೆಂದೂ ತೆಗೆದು ಬಾಗಿಲ ಬಳಿ ಇಟ್ಟಿರುವೆನೆಂದೂ ಹೇಳಿದಳು. ಕಪಾಟು ತೆರೆದಿದ್ದಳೇ? ಕೆಳಗಿನ ಅರೆ ನೋಡಿದ್ದಳೇ? ಅವನು ಅನ್ನದ ಮೇಲೆ ಕಣ್ಣು ನೆಟ್ಟು ತಿಂದ. 'ಯಾಕೆ, ಸೇರ್ತಿಲ್ವಾ?' ಎಂದಳು. 'ಸೇರ್ತಿದೆ.' 'ಮುಖ ಯಾಕೆ ಹೀಗಿದೆ?' 'ಸೆಕೆ.' 'ಇಲ್ಲೇ ಸೆಕೆ ಅಂದ್ರೆ ಅಲ್ಲಿ ಹೋಗಿ ಏನ್ಮಾಡ್ತೀರಿ?' ಎಂದು ನಕ್ಕಳು. ಆ ನಗುವಿನಲ್ಲಿ ಕೊಂಕಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ತಿಳಿಯದ್ದು ಅವನನ್ನು ಕೊಂಕಿಗಿಂತ ಹೆಚ್ಚು ಹಿಂಸಿಸಿತು.

ಹೊರಡುವ ಮುಂಚೆ ಅವಳು ತನ್ನ ಬಾಚಣಿಗೆ, ಎಣ್ಣೆ ಬಾಟಲಿಯ ಸಣ್ಣ ಚೀಲವನ್ನು ಮೇಲೆ ತುರುಕಿ ಸೂಟ್‌ಕೇಸು ಮುಚ್ಚಲು ಹೋದಳು. ಮುಚ್ಚಲಿಲ್ಲ. ಮಂಡಿಯೂರಿ ಒತ್ತಿದಳು. ಕೊನೆಗೆ ಅದರ ಮೇಲೆಯೇ ಕೂತಳು. 'ನಿನ್ನೆ ಸಲೀಸಾಗಿ ಮುಚ್ಚಿತ್ತಲ್ರೀ' ಎಂದಳು, ಕೂತಲ್ಲಿಂದಲೇ ಅವನನ್ನು ನೋಡುತ್ತ. ಅವನು ಜಿಪ್ಪು ಎಳೆಯುವ ನೆಪದಲ್ಲಿ ಬಗ್ಗಿದ. 'ಹವೆಗೆ ಬಟ್ಟೆ ಉಬ್ಬುತ್ತೆ.' 'ಯಾವ ಹವೆಗೆ? ಒಂದು ಹನಿ ಮಳೆ ಇಲ್ಲ.' 'ಬರೋ ಹಾಗಿದೆ.' ಆಕಾಶ ತೊಳೆದಿಟ್ಟ ಬೋಗುಣಿಯ ಹಾಗೆ ಖಾಲಿಯಾಗಿತ್ತು. ಅವಳು ಕಿಟಕಿಯ ಕಡೆ ನೋಡಿದಳು, ಅವನ ಕಡೆ ನೋಡಿದಳು. ನಾಲ್ಕು ಬೆರಳು ಅಗಲಕ್ಕೆ ಅವಳು ಮುಚ್ಚಳ ಎತ್ತಿ ಕೈ ಇಳಿಸಿದ್ದರೆ ಮುಗಿದಿತ್ತು. ಅವಳು ಕೈ ಇಳಿಸಲಿಲ್ಲ, ಎದ್ದು ಸೆರಗಿನಿಂದ ಮುಖ ಒರೆಸಿಕೊಂಡಳು. ಈಗ ಕೇಳು, ಈಗಲೂ ಕೇಳಬಹುದು ಎಂದು ಒಳಗೆ ಯಾರೋ ಹೇಳಿದರು. ಅವನು ಆಟೋ ಕರೆಯಲು ಓಡಿದ.

ಪ್ಲಾಟ್‌ಫಾರಮ್ಮಿನಲ್ಲಿ ಬೆಂಚು ಸಿಕ್ಕಿತು. ಬಿಸಿಲು ಇಳಿಯುತ್ತಿತ್ತು, ಗಾಡಿ ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ಪರಿಚಯದ ಕೂಲಿಗಳು, ಟೀ ಮಾರುವವನು, ಗುಡಿಸುವ ಹೆಂಗಸು ಎಲ್ಲರೂ ಹಾದುಹೋಗುವಾಗ, 'ಏನು ತಕ್ಕಡಿ ಸಾರ್, ಅಮ್ಮಾವ್ರ ಜೊತೆ ಜೋರಾ?' ಎಂದರು. ಅವನು ಹೌದೌದು ಎಂದು ನಗುತ್ತ ಹೋದ. ಗಾಡಿ ಬಂದು, ಹತ್ತಿ ಕೂತುಬಿಟ್ಟರೆ ಗೆದ್ದಂತೆ. ಗೆದ್ದು ಏನು ಮಾಡುವುದು ಎಂಬುದನ್ನು ಅವನು ಯೋಚಿಸಿರಲಿಲ್ಲ. ಅಕ್ಕನ ಮನೆಯಲ್ಲಿ ಅವಳು ಸೂಟ್‌ಕೇಸು ಬಿಚ್ಚುತ್ತಾಳೆ, ಮೂಲೆಯಲ್ಲಿ ಕೈಯಾಡಿಸುತ್ತಾಳೆ. ಮರೆತಿರಬೇಕು ಎಂದು ತಾನು ಹೇಳಬೇಕು. ಅವಳು ಮತ್ತೆ ಆಸ್ಪತ್ರೆಯ ಕಾರಿಡಾರಿನಲ್ಲಿ ನೋಡಿದಂತೆ ನೋಡಬೇಕು. ಹೀಗೆ ಮನಸ್ಸು ಮುಂದೆ ಮುಂದೆ ಹೋಗುತ್ತಿರುವಾಗಲೇ ಹಿಂದಿನಿಂದ ಯಾರೋ ಕೂಗುತ್ತ ಓಡಿ ಬರುವ ಸದ್ದಾಯಿತು.

'ಸಾರ್! ತಕ್ಕಡಿ ಸಾರ್!' ನಿದ್ರೆರಾಯ ತನ್ನ ಜೀವಮಾನದಲ್ಲೇ ಇಷ್ಟು ಎಚ್ಚರವಾಗಿರಲಿಲ್ಲ. 'ನಿಮ್ಮದು ಮೇಲೇ ಉಳಿದುಬಿಟ್ಟಿತ್ತಲ್ಲ! ಜಾಗ ಮಾಡೋಕೆ ಹತ್ತಿದೆ, ನಿಮ್ಮ ಹೆಸರು ಇತ್ತು. ಅಯ್ಯೋ, ಊರಿಗೆ ಹೋಗೋವಾಗ ಮರೆತು ಹೋದ್ರಲ್ಲಾ ಅಂತ...' ಎಂದು ಏದುಸಿರು ಬಿಡುತ್ತ ಹೂವಿನ ಗಂಟನ್ನು ಚಾಚಿದ. ತಕ್ಕಡಿಯ ಕೈ ಮೇಲೇಳಲಿಲ್ಲ. ಗಂಟು ಗಾಳಿಯಲ್ಲೇ ಉಳಿಯಿತು. ಅವಳು ಕೈಚಾಚಿ ತೆಗೆದುಕೊಂಡಳು. ಬಿಚ್ಚಿ ನೋಡಲಿಲ್ಲ, ಬಟ್ಟೆಯನ್ನು ನೋಡಿದಳು, ದಾರಕ್ಕೆ ತಾನು ಹಾಕಿದ್ದ ಗಂಟನ್ನು ನೋಡಿದಳು, ಆಮೇಲೆ ಚೀಟಿಯ ಮೇಲೆ ಗಂಡನ ಅಕ್ಷರವನ್ನು ಓದಿದಳು. 'ಥ್ಯಾಂಕ್ಸ್ ಅಣ್ಣ' ಎಂದಳು ನಿದ್ರೆರಾಯನಿಗೆ. 'ಓಡಿ ಬಂದ್ರಿ ಪಾಪ.'

ಅವನು ನೆಲ ನೋಡುತ್ತಿದ್ದ. ಸಿಮೆಂಟಿನ ಮೇಲೆ ಯಾರೋ ಚೆಲ್ಲಿದ ಟೀಯ ಕಲೆ ಒಣಗಿ ಅಂಚು ಕಟ್ಟಿತ್ತು. 'ಸ್ವೆಟರ್ ಎಲ್ಲಿಟ್ರಿ?' ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಉಪ್ಪು ಸಾಕಾ ಎಂದು ಕೇಳುವ ಅದೇ ದನಿ. 'ಕೆಳಗೆ' ಎಂದ. 'ರೇನ್‌ಕೋಟೂ?' 'ಹ್ಞೂಂ.' 'ನನ್ನನ್ನ ಕೇಳ್ಬಹುದಿತ್ತಲ್ಲ?' ಅವನು ಪಾದದ ತುದಿಯಿಂದ ಆ ಕಲೆಯ ಅಂಚನ್ನು ಉಜ್ಜಿದ. 'ಗಾಡಿಯಲ್ಲಿ ಕೂತ್ಮೇಲೆ ನಾನೇ ಹೇಳ್ಬೇಕು ಅಂತಿದ್ದೆ. ಮನೇಲಿ ಹೇಳಿದ್ರೆ ನನಗಿಂತ ಮುಂಚೆ ನೀವು ಅಕ್ಕನಿಗೆ ಫೋನ್ ಮಾಡಿ ಏನಾದ್ರೂ ಹೇಳಿಬಿಡ್ತಿದ್ರಿ.' ಇಷ್ಟು ವರ್ಷ ಕಾದಿದ್ದ ಮಾತು ಹೀಗೆ ಟೀ ಮಾರುವವನ ಕೂಗಿನ ಮಧ್ಯೆ ಬಂದು ಹೋಯಿತು. ಅವನು ಅಂದುಕೊಂಡಂತೆ ಆಕಾಶ ಕಳಚಿ ಬೀಳಲಿಲ್ಲ. ಕಣ್ಣು ಮಾತ್ರ ಉರಿಯಿತು. ಬೆಟ್ಟದ ಜಗಲಿಗೆಂದು ತಿದ್ದಿ ತೀಡಿ ಇಟ್ಟಿದ್ದ ಮಾತನ್ನು ನೆನಪಿಸಿಕೊಳ್ಳಲು ನೋಡಿದ, ಒಂದು ಪದವೂ ಸಿಗಲಿಲ್ಲ. 'ತಪ್ಪಾಯ್ತು ಕಣೇ' ಎಂದ. ಅವಳು ತಲೆಯಾಡಿಸಿದಳು, ಗೊತ್ತು ಎನ್ನುವಂತೆ, ಸರಿಹೋಯಿತು ಎನ್ನುವಂತಲ್ಲ.

ಅವಳು ಎದ್ದಳು. ಸೂಟ್‌ಕೇಸನ್ನು ತಾನೇ ಎಳೆದುಕೊಂಡು ಕ್ಲೋಕ್ ರೂಮಿನ ಕಡೆ ನಡೆದಳು. ಅವನು ಹಿಂದೆ ಹಿಂದೆ ಹೋದ. ಕೌಂಟರಿನ ಮುಂದೆ ನಾಲ್ಕೈದು ಜನ ನಿಂತಿದ್ದರು. ಇಷ್ಟು ವರ್ಷದಲ್ಲಿ ಅವನು ಈ ಬದಿಯಿಂದ ಆ ಕೌಂಟರನ್ನು ನೋಡಿದ್ದೇ ಇಲ್ಲ. ಎದೆಯ ಮಟ್ಟಕ್ಕಿತ್ತು ಅದು, ಒಳಗಿನಿಂದ ಕಾಣುವುದಕ್ಕಿಂತ ಬಹಳ ಎತ್ತರ. ಅವಳು ಎಲ್ಲರೆದುರಿಗೇ ಸೂಟ್‌ಕೇಸನ್ನು ಹಲಗೆಯ ಮೇಲಿಟ್ಟು ಬಿಚ್ಚಿದಳು. ಅವನ ಮಫ್ಲರ್, ಅವನ ಒಳಬನಿಯನ್, ಉಂಡೆ ಮಾಡಿದ ಕಾಲುಚೀಲಗಳು ಎಲ್ಲ ಎಲ್ಲರಿಗೂ ಕಂಡವು. ತಳದಿಂದ ಸ್ವೆಟರನ್ನೂ ರೇನ್‌ಕೋಟನ್ನೂ ಎಳೆದು ತೆಗೆದಳು. 'ಇವೆರಡು ಇಲ್ಲಿರ್ಲಿ ಅಣ್ಣ' ಎಂದಳು. ನಿದ್ರೆರಾಯ ತಕ್ಕಡಿಯ ಮುಖ ನೋಡಿದ, ತಲೆ ಕೆರೆದುಕೊಂಡ. 'ಅಮ್ಮಾ, ಹೀಗೆ ಬಿಡಿಬಿಡಿಯಾಗಿ ತಗೊಳ್ಳೋ ಹಾಗಿಲ್ಲ. ಬೀಗ ಇರ್ಬೇಕು, ಇಲ್ಲ ಅಂದ್ರೆ ಹೊಲಿದಿರ್ಬೇಕು. ಸಾರ್ ಹೇಳಿಕೊಟ್ಟ ರೂಲೇ ಅದು.' ಸಾಲಿನಲ್ಲಿದ್ದ ಒಬ್ಬರು ಗಾಡಿಗೆ ಹೊತ್ತಾಯಿತೆಂದು ಗೊಣಗಿದರು. ಧ್ವನಿವರ್ಧಕ ಅವರ ಗಾಡಿಯ ಹೆಸರನ್ನೇ ಹೇಳತೊಡಗಿತು.

ಅವಳು ಅವಸರಪಡಲಿಲ್ಲ. ಸ್ನಾನದ ಟವೆಲ್ಲೊಂದನ್ನು ಹರಡಿ, ಸ್ವೆಟರನ್ನು ರೇನ್‌ಕೋಟಿನೊಳಗೆ ಮಡಿಸಿಟ್ಟು ಸುತ್ತಿದಳು. ಪರ್ಸಿನ ಒಳಮಡಿಕೆಯಿಂದ ಸೂಜಿ ತೆಗೆದಳು, ಅದು ಯಾವಾಗಲೂ ದಾರ ಪೋಣಿಸಿಯೇ ಇರುತ್ತಿತ್ತು. ಹೊಲಿಯಲು ಶುರುಮಾಡಿದಳು. ಸೂಜಿ ಟವೆಲ್ಲಿನಲ್ಲಿ ಮುಳುಗಿ ಏಳುವುದನ್ನು ಅವನು ನೋಡುತ್ತ ನಿಂತ. ಅವನ ತಲೆ ತನ್ನ ಹಳೇ ಚಾಳಿಯಂತೆ ಲೆಕ್ಕ ಹಾಕತೊಡಗಿತು. ದೊಡ್ಡ ದೊಡ್ಡ ಟಾಕು ಹಾಕಿದರೆ ಬೇಗ ಬಿಚ್ಚುವವಳು, ಒತ್ತೊತ್ತಾಗಿ ಹಾಕಿದರೆ... ಅವನು ಬಲವಂತವಾಗಿ ಕಣ್ಣು ಕಿತ್ತು ಅವಳ ಮುಖ ನೋಡಿದ. 'ಬೆಟ್ಟಕ್ಕೆ ಬರಲ್ವಾ?' ಎಂದ. ಸಾಲಿನವರಿಗೆಲ್ಲ ಕೇಳಿಸುವ ಹಾಗೆಯೇ ಬಂತು ಮಾತು.

'ಇಲ್ಲ' ಎಂದಳು. 'ನೀವು ಹೋಗಿ ಬನ್ನಿ. ನಿಮ್ಮದೆಲ್ಲ ಇಟ್ಟಿದ್ದೀನಿ. ಎಷ್ಟು ವರ್ಷದಿಂದ ಆಸೆಪಟ್ಟಿದ್ರಿ.'

'ಆಮೇಲೆ? ಮನೆಗೆ?'

ಅವಳು ಕೊನೆಯ ಟಾಕನ್ನು ಎಳೆದು ಬಿಗಿ ಮಾಡಿದಳು. ಹೂವಿನ ಬಟ್ಟೆ ಬಿಚ್ಚಿ ಕತ್ತರಿ ತೆಗೆದು ದಾರ ಕತ್ತರಿಸಿದಳು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿದ್ದದ್ದು, ಎಷ್ಟೋ ಸಂಜೆ ಪಕ್ಕದ ಕೋಣೆಯಿಂದ ಕೇಳಿಬರುತ್ತಿದ್ದದ್ದು. 'ಅಲ್ಲಿ ಕೂತು ಕತ್ತರಿಸಿ ನೋಡ್ಬೇಕು ರೀ. ಆಗುತ್ತೋ ಇಲ್ವೋ, ನನಗೇ ಗೊತ್ತಿಲ್ಲ. ವಾಪಸ್ ಬರೋದಾದ್ರೆ ನಾನೇ ಬಂದು ಇದನ್ನ ಬಿಡಿಸ್ಕೊಳ್ತೀನಿ. ಅಲ್ಲಿವರೆಗೂ ನೀವು ಊಹೆ ಮಾಡ್ತಾ ಕೂರ್ಬೇಡಿ.' ನಿದ್ರೆರಾಯ ಗಂಟಿಗೆ ಚೀಟಿ ಕಟ್ಟಿ ಹಿತ್ತಾಳೆಯ ಟೋಕನ್ನನ್ನು ಹಲಗೆಯ ಮೇಲಿಟ್ಟು, ಯಾರಿಗೆ ಕೊಡಬೇಕೋ ತಿಳಿಯದೆ ಇಬ್ಬರನ್ನೂ ನೋಡಿದ. 'ನನಗೆ ಕೊಡಿ' ಎಂದು ಅವಳು ಕೈ ಚಾಚಿದಳು. ನಂಬರು ನೋಡುತ್ತಾಳೋ ಇಲ್ಲವೋ ಎಂದು ತಕ್ಕಡಿಯ ಕಣ್ಣು ತಾನಾಗಿ ಆ ಕೈಯತ್ತ ಓಡಿತು. ಓಡಿದ್ದನ್ನು ಹಿಡಿದು ನಿಲ್ಲಿಸಿ, ಅವನು ಮುಖ ತಿರುಗಿಸಿ ಗೋಡೆಯ ಮೇಲಿನ ದರಪಟ್ಟಿಯನ್ನು ಓದಿದ, ಮೊದಲ ಸಾಲಿನಿಂದ ಕೊನೆಯವರೆಗೆ. ಪರ್ಸಿನ ಜಿಪ್ಪು ಮುಚ್ಚಿದ ಸದ್ದಾದ ಮೇಲೆಯೇ ತಿರುಗಿದ್ದು.

ಗಾಡಿ ಬಂದು ನಿಂತಿತ್ತು. ಓಡಿದರು, ನೂಕುನುಗ್ಗಲಿನಲ್ಲಿ ಹತ್ತಿದರು, ಸೀಟು ಹುಡುಕಿ ಅವಳನ್ನು ಕಿಟಕಿಯ ಬಳಿ ಕೂರಿಸಿದ. ಕತ್ತರಿ ಮತ್ತೆ ತನ್ನ ಮೂಲೆ ಸೇರಿತ್ತು. ಅವನು ಸೂಟ್‌ಕೇಸನ್ನು ಮೇಲಿನ ಹಲಗೆಗೆ ಏರಿಸಲು ಎತ್ತಿದಾಗ ಎದುರು ಸೀಟಿನ ದಪ್ಪ ಮನುಷ್ಯ, ಹೊಟ್ಟೆಯ ಮೇಲೆ ಪೇಪರ್ ಹರಡಿಕೊಂಡಿದ್ದವನು, ಎದ್ದು ಕೈ ಕೊಟ್ಟ. ಸೂಟ್‌ಕೇಸು ಅವನ ಕಡೆಗೆ ವಾಲಿತು. 'ಇದೇನು ಸಾರ್, ಒಂದೇ ಕಡೆ ಎಳೀತಿದೆ? ಏನಿಟ್ಟಿದ್ದೀರಿ ಒಳಗೆ? ನನ್ನ ತಲೆ ಮೇಲೆ ಬೀಳೋ ಅಂಥದ್ದೇನಲ್ಲ ತಾನೇ?' ಎಂದು ನಗುತ್ತ ಕೇಳಿದ.

ತಕ್ಕಡಿ ಬಾಯಿ ತೆರೆದ. ಏನೂ ಇಲ್ಲ, ಬಟ್ಟೆಬರೆ ಎನ್ನುವ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ಮುಚ್ಚಿದ. ಎರಡು ಕೈಯಲ್ಲೂ ಸೂಟ್‌ಕೇಸು ಹಿಡಿದೇ ಕಿಟಕಿಯ ಕಡೆ ತಲೆಯಾಡಿಸಿ, 'ಇವರನ್ನ ಕೇಳಿ' ಎಂದ. 'ಪ್ಯಾಕ್ ಮಾಡಿದ್ದು ಇವರು.'

ಅವಳು ಕಿಟಕಿಯಿಂದ ತಿರುಗಿ ಮೊದಲು ಗಂಡನನ್ನು ನೋಡಿದಳು, ಸ್ವಲ್ಪ ಹೊತ್ತು. ಆಮೇಲೆ ಆ ದಪ್ಪ ಮನುಷ್ಯನಿಗೆ ಹೇಳಿದಳು.

'ನನ್ನ ಕತ್ತರಿ ಇದೆ. ಸ್ವಲ್ಪ ಜೋಪಾನವಾಗಿಡಿ.'